ಓದುಗರ ಪ್ರಶ್ನೆ: ಬದುಕಿಗೆ ಒದಗುವ ಪುಸ್ತಕ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು ಕೇಳಿವೆ. ಬದುಕು ತಿದ್ದುವಂಥ, ಧೈರ್ಯ ಕೊಡುವಂಥ ಪುಸ್ತಕ ಯಾವುದು ಅಂತ. ಹಾಗಾಗಿ ಈ ಅಂಕಣ ಪೂರ್ತಿ ಅದಕ್ಕೇ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಇಪ್ಪತ್ತೆಂಟು ವರ್ಷ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು, ಹರಿದದ್ದಕ್ಕೆ ಅಂಟು ಹಚ್ಚುವುದು ಇದೇ ಕೆಲಸ ಮಾಡಿದವಳು. ಕೆಳಗಿನ ಉತ್ತರಗಳೆಲ್ಲ ಆ ಕೌಂಟರಿನ ಹಿಂದೆ ಕೂತು ಕಲಿತದ್ದು. ಪತ್ರಗಳು ಉದ್ದ ಇದ್ದವು, ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ದಾವಣಗೆರೆಯವನು, ಬೆಂಗಳೂರಲ್ಲಿ ಕೆಲಸ. ಎರಡು ವರ್ಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ವ್ಯಕ್ತಿತ್ವ ವಿಕಸನದ ಪುಸ್ತಕ ಓದಿದ್ದೇನೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಒಂದು ವಾರ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಡೈರಿ ಬರೆಯುತ್ತೇನೆ. ಎಂಟನೇ ದಿನ ಮತ್ತೆ ಮೊದಲಿನ ಹಾಗೇ. ತಪ್ಪು ನನ್ನದಾ, ಪುಸ್ತಕದ್ದಾ?

ನಿಮ್ಮದಲ್ಲ. ಪುಸ್ತಕದ್ದೂ ಪೂರ್ತಿ ಅಲ್ಲ.

ಲೈಬ್ರರಿಯಲ್ಲಿ ಒಂದು ವಿಷಯ ಗಮನಿಸಿದ್ದೆ. ವಾಪಸ್ ಬಂದ ಪುಸ್ತಕವನ್ನು ಮುಚ್ಚಿ ಬದಿಯಿಂದ ನೋಡಿದರೆ ಯಾರು ಎಲ್ಲಿವರೆಗೆ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಬೆರಳು ಓಡಾಡಿದ ಕಡೆ ಹಾಳೆಯ ಅಂಚು ಕಂದಿರುತ್ತದೆ, ಓಡಾಡದ ಕಡೆ ಬೆಳ್ಳಗೇ ಇರುತ್ತದೆ. ಗೆಲುವಿನ ಸೂತ್ರ ಹೇಳುವ ಪುಸ್ತಕಗಳಲ್ಲಿ ಮೊದಲ ಮೂವತ್ತು ನಲವತ್ತು ಪುಟ ಕಂದು, ಆಮೇಲೆ ಹಾಲಿನ ಹಾಗೆ ಬಿಳಿ. ಆತ್ಮಕತೆಗಳಲ್ಲಿ, ಒಳ್ಳೆಯ ಕಾದಂಬರಿಗಳಲ್ಲಿ ಕೊನೇ ಪುಟದವರೆಗೂ ಒಂದೇ ಬಣ್ಣ. ಇದನ್ನು ನಾನು ಒಂದೆರಡಲ್ಲ, ನೂರಾರು ಪುಸ್ತಕದಲ್ಲಿ ನೋಡಿದ್ದೇನೆ.

ಯಾಕೆ ಹೀಗೆ ಅಂತ ತುಂಬಾ ಯೋಚನೆ ಮಾಡಿದ್ದೇನೆ. ಸೂತ್ರದ ಪುಸ್ತಕ ನಿಮಗೆ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತದೆ. ಬೆಳಿಗ್ಗೆ ಬೇಗ ಏಳು, ಗುರಿ ಬರೆದಿಡು, ಬೇಡದವರಿಗೆ ಇಲ್ಲ ಅನ್ನು. ಎಲ್ಲ ಸರಿಯೇ. ಆದರೆ ಆ ಮಾತು ಹೇಳಿದ ಮನುಷ್ಯ ಅಲ್ಲಿಗೆ ತಲುಪಲು ಏನು ಕಳೆದುಕೊಂಡ, ಎಷ್ಟು ವರ್ಷ ಹಿಡಿಯಿತು, ಎಷ್ಟು ಸಲ ಅವನಿಗೂ ಎಂಟನೇ ದಿನ ಬಂತು, ಅದು ಇರುವುದಿಲ್ಲ. ಇದ್ದರೂ ಅರ್ಧ ಪುಟದ ಒಂದು ಉದಾಹರಣೆಯಾಗಿ ಬಂದು ಹೋಗುತ್ತದೆ. ಹಾಗಾಗಿ ನಿಮ್ಮ ಎಂಟನೇ ದಿನ ಬಂದಾಗ ನಿಮಗೆ ಮಾತ್ರ ಹೀಗಾಗಿದೆ ಅನಿಸುತ್ತದೆ. ಅದಕ್ಕೇ ಇನ್ನೊಂದು ಪುಸ್ತಕ ಕೊಳ್ಳುತ್ತೀರಿ.

ಎಚ್. ನರಸಿಂಹಯ್ಯನವರ ಆತ್ಮಕತೆ ‘ಹೋರಾಟದ ಹಾದಿ’ ಓದಿದ್ದೀರಾ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1920ರಲ್ಲಿ ಹುಟ್ಟಿದವರು. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಬೇಕು ಅಂತ ಊರಿಂದ ಎರಡು ದಿನ ನಡೆದುಕೊಂಡೇ ಬಂದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಆಮೇಲೆ ಓದು ಮುಗಿಸಿ, ಪಾಠ ಮಾಡಿ, ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದರು. ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಕೊನೆಯವರೆಗೂ ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ರೂಮಿನಲ್ಲಿ. ಅದೇ ಖಾದಿ ಪಂಚೆ, ಜುಬ್ಬಾ, ಟೋಪಿ.

ಈ ಪುಸ್ತಕ ನಿಮಗೆ ಸೂತ್ರ ಕೊಡುವುದಿಲ್ಲ. ಒಬ್ಬ ಮನುಷ್ಯನನ್ನು ಕೊಡುತ್ತದೆ. ಅವರು ನಿಮ್ಮ ಜೊತೆ ಮನೆಗೆ ಬರುತ್ತಾರೆ. ನಾಳೆ ಆಫೀಸಲ್ಲಿ ಏನಾದರೂ ಕಷ್ಟ ಬಂದಾಗ, ಎರಡು ದಿನ ನಡೆದು ಬಂದ ಆ ಹುಡುಗ ನನ್ನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದ ಅಂತ ತಾನಾಗಿಯೇ ತಲೆಗೆ ಬರುತ್ತದೆ. ಪುಸ್ತಕ ನಿಮಗೆ ಹತ್ತಿದೆ ಅನ್ನುವುದಕ್ಕೆ ನಾನು ನೋಡುವ ಗುರುತು ಅದೊಂದೇ.

ಈಗ ಏನು ಮಾಡಬೇಕು ಅಂತ ಕೇಳಬಹುದು. ಆರು ತಿಂಗಳು ಹೊಸ ಪುಸ್ತಕ ಕೊಳ್ಳಬೇಡಿ. ನಿಮ್ಮ ಇಪ್ಪತ್ತರಲ್ಲಿ ಯಾವುದೋ ಒಂದು ನಿಮಗೆ ನಿಜವಾಗಿ ಹಿಡಿಸಿರುತ್ತದೆ. ಅದನ್ನು ತೆಗೆದು ಅದರಲ್ಲಿ ಒಂದೇ ಒಂದು ಮಾತು ಆರಿಸಿ. ಎರಡಲ್ಲ, ಒಂದು. ಐದಕ್ಕೆ ಏಳುವುದೇ ಆಗಬೇಕಿಲ್ಲ, ನಿಮ್ಮ ಕೆಲಸ ರಾತ್ರಿ ಹನ್ನೊಂದಕ್ಕೆ ಮುಗಿಯುವುದಾದರೆ ಐದಕ್ಕೆ ಏಳುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಊರಲ್ಲಿರುವ ಅಪ್ಪನಿಗೆ ದಿನಾ ಫೋನ್ ಮಾಡುವುದು ಇರಬಹುದು, ಸಂಬಳದಲ್ಲಿ ಇಷ್ಟು ಅಂತ ಎತ್ತಿಡುವುದು ಇರಬಹುದು. ಆ ಒಂದನ್ನು ಮಾಡುತ್ತಾ ಹೋಗಿ. ತಪ್ಪಿದ ದಿನ ತಪ್ಪಿತು, ಮಾರನೇ ದಿನ ಮತ್ತೆ ಮಾಡಿ. ಜೊತೆಗೆ ರಾತ್ರಿ ನಾಲ್ಕೈದು ಪುಟದ ಹಾಗೆ ಒಂದು ಆತ್ಮಕತೆ ಓದಿ, ಪಾಠ ಹುಡುಕದೆ.

ಪ್ರಶ್ನೆ: ಅಕ್ಕ, ನನ್ನ ಮಗ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ದಡ್ಡ ಅಂತ ಹಣೆಪಟ್ಟಿ ಕಟ್ಟಿದ್ದಾರೆ. ಮನೆಗೆ ಬಂದರೆ ಮೊಬೈಲ್, ಇಲ್ಲವಾದರೆ ತೋಟದಲ್ಲಿ ಇರುವೆ ಗೂಡು ನೋಡುತ್ತಾ ಕೂರುತ್ತಾನೆ. ಅವನಿಗೆ ಜೀವನದ ಬೆಲೆ ತಿಳಿಸುವ ಪುಸ್ತಕ ಯಾವುದು ಕೊಡಲಿ? – ಶಿರಸಿ

ಪತ್ರ ಓದುತ್ತಾ ಇರುವೆ ಗೂಡಿನ ಹತ್ತಿರ ನಿಂತುಬಿಟ್ಟೆ. ತಂಗಿ, ನೀವು ಅದನ್ನು ದೂರಿನ ಪಟ್ಟಿಯಲ್ಲಿ ಬರೆದಿದ್ದೀರಿ. ನನಗೆ ಪತ್ರದಲ್ಲಿ ಕಂಡ ದೊಡ್ಡ ಒಳ್ಳೆಯ ಸುದ್ದಿ ಅದೇ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ತನ್ನಿ. 1980ರ ಕಾದಂಬರಿ, ದಪ್ಪ ಇಲ್ಲ. ಅದರಲ್ಲಿ ಮಂದಣ್ಣ ಅಂತ ಒಬ್ಬ ಹಳ್ಳಿ ಹುಡುಗ ಇದ್ದಾನೆ. ಜೇನು ಹಿಡಿಯುವುದು, ಕಾಡು ಸುತ್ತುವುದು ಅವನ ಕೆಲಸ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಅನ್ನುವ ವಿಜ್ಞಾನಿಗೆ ಮಾತ್ರ ಅವನಲ್ಲಿ ಹುಟ್ಟಾ ವಿಜ್ಞಾನಿ ಕಾಣುತ್ತಾನೆ. ದೊಡ್ಡ ದೊಡ್ಡ ಓದು ಓದಿದವರು ನೋಡದೇ ಇದ್ದದ್ದನ್ನು ಅವನು ಕಾಡಲ್ಲಿ ನೋಡಿರುತ್ತಾನೆ. ಅಲ್ಲಿಂದ ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಮುಂದಿನದು ನಾನು ಹೇಳುವುದಿಲ್ಲ.

ಆದರೆ ದಯವಿಟ್ಟು ಪುಸ್ತಕ ಅವನ ಕೈಗಿಟ್ಟು "ಇದನ್ನು ಓದಿ ಬುದ್ಧಿ ಕಲಿ" ಅನ್ನಬೇಡಿ. ಹಾಗೆ ಅಂದ ಕೂಡಲೇ ಅದು ಇನ್ನೊಂದು ಪಠ್ಯಪುಸ್ತಕ ಆಗುತ್ತದೆ. ರಾತ್ರಿ ಊಟ ಆದ ಮೇಲೆ ನೀವೇ ಗಟ್ಟಿಯಾಗಿ ಓದಿ, ಹದಿನೈದು ನಿಮಿಷ ಸಾಕು. ಕೇಳುತ್ತಿಲ್ಲ ಅನ್ನುವಂತೆ ಮೊಬೈಲ್ ಹಿಡಿದು ಕೂತಿರುತ್ತಾನೆ, ಕೂತಿರಲಿ. ಸ್ವಾರಸ್ಯ ಇರುವ ಜಾಗ ಬಂದಾಗ ನಿಲ್ಲಿಸಿ ಮಲಗಿಬಿಡಿ. ಮಾರನೇ ದಿನ ಅವನೇ ಪುಸ್ತಕ ತೆಗೆದಿದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಇದು ಮುಗಿದ ಮೇಲೆ ಅವರದೇ ‘ಪರಿಸರದ ಕತೆ’ ಇದೆ.

ಇನ್ನೊಂದು ಮಾತು, ಸ್ವಲ್ಪ ಕಷ್ಟ ಅನಿಸಬಹುದು. ಈ ಪುಸ್ತಕವನ್ನು ಮೊದಲು ನೀವು ಓದಿ. ಮಂದಣ್ಣನನ್ನು ನೋಡಲು ಕಲಿಯಬೇಕಾದ್ದು ಮಗನಿಗಿಂತ ಜಾಸ್ತಿ ದೊಡ್ಡವರು. ಆಮೇಲೆ ಒಂದು ಭಾನುವಾರ ಅವನ ಪಕ್ಕ ಕೂತು "ಇದು ಯಾವ ಇರುವೆ ಮಗಾ?" ಅಂತ ಕೇಳಿ. ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 67 ವರ್ಷ. ಮಗ ಅಮೆರಿಕದಲ್ಲಿ ನೆಲೆಸಿದ್ದಾನೆ, ವಾಪಸ್ ಬರುವ ಲಕ್ಷಣ ಇಲ್ಲ. ನಾನು ಮತ್ತು ಹೆಂಡತಿ ಇಬ್ಬರೇ. ಈ ವಯಸ್ಸಲ್ಲಿ ಪುಸ್ತಕ ಓದಿ ಬೆಳೆಯುವುದು ಏನಿದೆ? ಆದರೂ ಒಂದು ಹೆಸರು ಹೇಳಿ. – ಪುತ್ತೂರು

ಸರ್, ನಿಮ್ಮ ಊರಲ್ಲೇ ಬಾಳಿದವರು ಬರೆದ ಪುಸ್ತಕವನ್ನೇ ಹೇಳುತ್ತೇನೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’. ನೀವು ಓದಿರುತ್ತೀರಿ, ಪಾಠವನ್ನೂ ಮಾಡಿರಬಹುದು. ಆದರೆ ಮೂವತ್ತರ ವಯಸ್ಸಿನಲ್ಲಿ ಓದಿದ ‘ಬೆಟ್ಟದ ಜೀವ’ ಬೇರೆ, ಅರವತ್ತೇಳರಲ್ಲಿ ಓದುವುದು ಬೇರೆ.

ಕತೆ ನಿಮಗೆ ಗೊತ್ತು, ಓದುವ ಉಳಿದವರಿಗೆ ಹೇಳುತ್ತೇನೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬರು ದಾರಿ ತಪ್ಪುತ್ತಾರೆ. ದೇರಣ್ಣ, ಬಟ್ಯ ಅನ್ನುವ ಇಬ್ಬರು ಸಿಕ್ಕು ಅವರನ್ನು ಗೋಪಾಲಯ್ಯ ಅನ್ನುವ ಮುದುಕರ ಮನೆಗೆ ಕರೆದುಕೊಂಡು ಹೋಗುತ್ತಾರೆ. ಗೋಪಾಲಯ್ಯ, ಶಂಕರಮ್ಮ, ಗಂಡ ಹೆಂಡತಿ ಇಬ್ಬರೇ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಎಲ್ಲಿದ್ದಾನೋ ಗೊತ್ತಿಲ್ಲ. ಸುತ್ತ ಕಾಡು, ಆನೆ, ಹುಲಿ. ಅಂಥ ಜಾಗದಲ್ಲಿ ಆ ಮುದುಕರು ಬೆಟ್ಟ ಕಡಿದು ಅಡಿಕೆ ತೋಟ ಮಾಡುತ್ತಾರೆ. ಒಂದು ತೋಟ ಆದ ಮೇಲೆ ಇನ್ನೊಂದು.

ಅಡಿಕೆ ಸಸಿ ಇವತ್ತು ನೆಟ್ಟರೆ ಫಸಲು ನೋಡಲು ಐದಾರು ವರ್ಷ ಕಾಯಬೇಕು ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ. ಮಗ ಬರುತ್ತಾನೋ ಇಲ್ಲವೋ ಗೊತ್ತಿಲ್ಲದ ಮುದುಕರು ಯಾಕೆ ಸಸಿ ನೆಡುತ್ತಾರೆ? ಮೊದಲ ಸಲ ಓದಿದಾಗ ಮಗನಿಗಾಗಿ ಅಂದುಕೊಂಡಿದ್ದೆ. ಐವತ್ತು ದಾಟಿದ ಮೇಲೆ ಮತ್ತೆ ಓದಿದೆ. ಹಾಗಲ್ಲ ಅನಿಸಿತು. ಗೋಪಾಲಯ್ಯನವರಿಗೆ ದುಃಖ ಇಲ್ಲ ಅಂತಲ್ಲ. ಅವರು ಬಂದವರನ್ನು ಎಷ್ಟು ಪ್ರೀತಿಯಿಂದ ಇನ್ನೊಂದು ದಿನ ಇರಿ, ಇನ್ನೊಂದು ದಿನ ಇರಿ ಅಂತ ಉಳಿಸಿಕೊಳ್ಳುತ್ತಾರೆ ನೋಡಿ, ಆ ಉಪಚಾರದಲ್ಲೇ ಅವರ ಸಂಕಟ ಗೊತ್ತಾಗುತ್ತದೆ. ಶಂಕರಮ್ಮನವರ ಸಂಕಟ ಅದಕ್ಕಿಂತ ಬೇರೆ ಥರದ್ದು, ಅದನ್ನು ಕಾರಂತರು ಬಿಡಿಸಿ ಹೇಳದೆ ಬಿಟ್ಟಿದ್ದಾರೆ. ಆದರೆ ದುಃಖ ಇದೆ ಅಂತ ಕೈ ಕಟ್ಟಿ ಕೂರುವುದು ಗೋಪಾಲಯ್ಯನವರಿಗೆ ಗೊತ್ತೇ ಇಲ್ಲ. ತಮ್ಮ ಹೊಟ್ಟೆಯಲ್ಲಿ ಹುಟ್ಟದ ನಾರಾಯಣನ ಕುಟುಂಬವನ್ನೂ ಕಟ್ಟದಮೂಲೆ ಅನ್ನುವ ಜಾಗದಲ್ಲಿ ನೆಲೆ ನಿಲ್ಲಿಸಿ ತಮ್ಮದೇ ಅಂತ ನೋಡಿಕೊಳ್ಳುತ್ತಾರೆ.

ಕಾರಂತರು ಇದನ್ನು ಬರೆದದ್ದು 1943ರಲ್ಲಿ, ನಲವತ್ತೊಂದರ ಆಸುಪಾಸಿನಲ್ಲಿ. ಆ ವಯಸ್ಸಲ್ಲಿ ಮುದುಕರ ಮನಸ್ಸು ಹೇಗೆ ಹೊಕ್ಕರೋ! ಅವರೇ ತೊಂಬತ್ತೈದರವರೆಗೆ ಬದುಕಿದರು, ಕೊನೆವರೆಗೂ ಬರೆಯುತ್ತಲೇ ಇದ್ದರು.

ನಿಮ್ಮನ್ನು ಒಂದು ಕೇಳಲಾ? ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ನಿಮ್ಮ ಬೀದಿಯಲ್ಲಿ ಸಂಜೆ ಹೊತ್ತು ಸುಮ್ನೆ ಕೂತಿರುವ ಮಕ್ಕಳು ಇಲ್ವಾ? ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಕತೆ ಓದಿ ಹೇಳಿ. ಅಮೆರಿಕದಿಂದ ಮಗ ಫೋನ್ ಮಾಡಿದಾಗ ಹೇಳಲು ನಿಮ್ಮ ಹತ್ತಿರವೂ ಒಂದು ಸುದ್ದಿ ಇರುತ್ತದೆ.

ಪ್ರಶ್ನೆ: ಕೆಲಸದ ಮಧ್ಯೆ ಓದಲು ಟೈಮಿಲ್ಲ, ಬಸ್ಸಲ್ಲಿ ಆಡಿಯೋ ಬುಕ್ ಕೇಳುತ್ತೇನೆ. ಕೇಳಿದರೆ ಓದಿದ ಲೆಕ್ಕವಾ? – ತುಮಕೂರು

ಖಂಡಿತ ಲೆಕ್ಕ. ನಮ್ಮ ಹಿರಿಯರಲ್ಲಿ ಅಕ್ಷರ ಬಾರದ ಎಷ್ಟೋ ಜನಕ್ಕೆ ಕುಮಾರವ್ಯಾಸ ಬಾಯಿಗೆ ಬರುತ್ತಿದ್ದ. ಗಮಕಿಗಳು ವಾಚನ ಮಾಡುತ್ತಿದ್ದರು, ಊರವರು ಕೂತು ಕೇಳುತ್ತಿದ್ದರು. ಸೋಮೇಶ್ವರ ಶತಕದಲ್ಲೂ ‘ಕೆಲವಂ ಬಲ್ಲವರಿಂದ ಕಲ್ತು ಕೆಲವಂ ಶಾಸ್ತ್ರಂಗಳಂ ಕೇಳುತುಂ’ ಅಂತಲೇ ಇದೆ. ಕೇಳುತುಂ, ಓದುತುಂ ಅಲ್ಲ. ಆದರೆ ಒಂದೂವರೆ ಪಟ್ಟು ವೇಗದಲ್ಲಿ ಇಟ್ಟು ಕೇಳಬೇಡಿ. ಮನಸ್ಸಿಗೆ ತಾಗಿದ ಮಾತು ಬಂದಾಗ ನಿಲ್ಲಿಸಿ, ಎರಡು ಸ್ಟಾಪ್ ಕಿಟಕಿಯಿಂದ ಹೊರಗೆ ನೋಡಿ.

ಪ್ರಶ್ನೆ: ಹೋದ ವರ್ಷ ಮನೆಯವರು ಹೃದಯಾಘಾತದಿಂದ ಹೋದರು. ಬಂದವರೆಲ್ಲ ‘ಮಂಕುತಿಮ್ಮನ ಕಗ್ಗ’ ಓದಿ, ಸಮಾಧಾನ ಆಗುತ್ತೆ ಅಂದರು. ಮೂರು ಜನ ಮೂರು ಪ್ರತಿ ಕೊಟ್ಟಿದ್ದಾರೆ. ತೆಗೆದು ಓದಿದರೆ ಹಳೆಯ ಭಾಷೆ, ಅರ್ಥ ಆಗುವುದಿಲ್ಲ. ಅರ್ಥವಾದದ್ದೂ ಒಳಗೆ ಇಳಿಯುವುದಿಲ್ಲ. ನನ್ನಲ್ಲೇ ಏನೋ ಕೊರತೆ ಅನಿಸುತ್ತಿದೆ. – ಮೈಸೂರು

ಅಮ್ಮಾ, ಕೊರತೆ ಏನೂ ಇಲ್ಲ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಗ್ಗ ಕೊಡುವುದು ಒಂದು ರೂಢಿ. ಕೊಟ್ಟವರ ಪ್ರೀತಿ ನಿಜವೇ. ಆದರೆ ಸುಟ್ಟ ಗಾಯ ಹಸಿಯಾಗಿರುವಾಗ ಯಾವ ಮಾತೂ ಇಳಿಯುವುದಿಲ್ಲ. ಮೂರೂ ಪ್ರತಿ ಕಪಾಟಿನಲ್ಲಿ ಇರಲಿ. ಕಗ್ಗಕ್ಕೆ ಅವಸರ ಇಲ್ಲ, ಅದು 1943ರಿಂದ ಕಾಯುತ್ತಿದೆ.

ಓದಬೇಕು ಅನಿಸಿದ ದಿನ ಹೀಗೆ ಮಾಡಿ. ಕಗ್ಗದಲ್ಲಿ 945 ಪದ್ಯ ಇವೆ, ಒಂದೊಂದು ನಾಲ್ಕೇ ಸಾಲು. ಮೊದಲಿಂದ ಶುರು ಮಾಡಬೇಡಿ. ಶುರುವಿನಲ್ಲಿ ದೇವರು, ಸೃಷ್ಟಿ, ಸತ್ಯ ಅಂತ ಭಾರವಾದ ಪ್ರಶ್ನೆಗಳಿವೆ, ಹೊಸಬರು ಅಲ್ಲೇ ಸೋತು ಮುಚ್ಚಿಡುತ್ತಾರೆ. ನಡುವೆ ಎಲ್ಲಾದರೂ ತೆಗೆಯಿರಿ. ಬೆಟ್ಟದ ಬುಡಕ್ಕೆ ಹುಲ್ಲಾಗು, ಮನೆಗೆ ಮಲ್ಲಿಗೆಯಾಗು ಅನ್ನುವ ಪದ್ಯವನ್ನು ಶಾಲೆಯಲ್ಲಿ ಕೇಳಿರುತ್ತೀರಿ, ಅಂಥ ಪರಿಚಯದ ಪದ್ಯದಿಂದ ಶುರು ಮಾಡಿ. ಪದ ಬಿಡಿಸಿ ಅರ್ಥ ಕೊಟ್ಟಿರುವ ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ, ಅದನ್ನು ಪಕ್ಕಕ್ಕಿಟ್ಟುಕೊಳ್ಳಿ. ದಿನಕ್ಕೆ ಒಂದೇ ಪದ್ಯ. ಎರಡು ಸಲ ಗಟ್ಟಿಯಾಗಿ ಓದಿ, ಕಣ್ಣಿಗೆ ಕಷ್ಟ ಕಂಡದ್ದು ಕಿವಿಗೆ ಸುಲಭ ಆಗುತ್ತದೆ. ಅರ್ಥವಾಗದಿದ್ದರೆ ಬಿಟ್ಟು ಮುಂದೆ ಹೋಗಿ, ಪರೀಕ್ಷೆ ಏನಿಲ್ಲ.

ಇನ್ನೊಂದು ವಿಷಯ. ಇದು ಮೇಲೆ ಕೂತು ಬುದ್ಧಿ ಹೇಳುವವರು ಬರೆದದ್ದಲ್ಲ. ಕಗ್ಗ ಬರೆದ ಡಿವಿಜಿಯವರೂ ನಲವತ್ತು ತುಂಬುವ ಮೊದಲೇ ಹೆಂಡತಿಯನ್ನು ಕಳೆದುಕೊಂಡವರು. ಮತ್ತೆ ಮದುವೆ ಆಗಲಿಲ್ಲ. ಮ್ಯಾಟ್ರಿಕ್ ದಾಟದವರು ಪತ್ರಿಕೆ ನಡೆಸಿಕೊಂಡು, ಸಾಲ ಸೋಲ ನೋಡಿಕೊಂಡು ಬದುಕಿದವರು. ಕೊನೆಗಾಲದಲ್ಲಿ ನಾಡು ಸನ್ಮಾನ ಮಾಡಿ ಕೊಟ್ಟ ಹಣವನ್ನೂ ತಾವೇ ಕಟ್ಟಿದ ಬಸವನಗುಡಿಯ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಪದ್ಯದ ಕೊನೆಯಲ್ಲಿ ‘ಮಂಕುತಿಮ್ಮ’ ಅಂತ ಕರೆಯುತ್ತಾರಲ್ಲ, ಅದು ನಿಮ್ಮನ್ನು ನನ್ನನ್ನು ಅಲ್ಲ. ತಮಗೆ ತಾವೇ ಹೇಳಿಕೊಳ್ಳುವುದು. ಹಾಗೆ ಓದಿದರೆ ಧ್ವನಿಯೇ ಬೇರೆ ಕೇಳುತ್ತದೆ.

ನನ್ನ ಹತ್ತಿರ ನಮ್ಮ ಅಪ್ಪನ ಪ್ರತಿ ಇದೆ. ಬೆನ್ನು ಕಿತ್ತು ಹೋಗಿ ಎರಡು ಸಲ ಅಂಟಿಸಿದ್ದೇನೆ. ಅಪ್ಪ ಒಂದೊಂದು ಪದ್ಯದ ಪಕ್ಕ ಪೆನ್ಸಿಲಲ್ಲಿ ಓದಿದ ತಾರೀಕು ಬರೆಯುತ್ತಿದ್ದರು. ಅಮ್ಮ ಹೋದ ತಿಂಗಳ ತಾರೀಕು ಇರುವ ಒಂದು ಪದ್ಯದ ಪಕ್ಕ ದೊಡ್ಡದಾಗಿ ಪ್ರಶ್ನಾರ್ಥಕ ಚಿಹ್ನೆ ಇದೆ. ಪೆನ್ಸಿಲ್ ಎಷ್ಟು ಒತ್ತಿದ್ದಾರೆ ಅಂದರೆ ಹಾಳೆಯ ಹಿಂದೆ ಕೈಯಾಡಿಸಿದರೆ ಉಬ್ಬು ಸಿಗುತ್ತದೆ. ಆರು ವರ್ಷದ ನಂತರದ ಇನ್ನೊಂದು ತಾರೀಕು ಅದೇ ಪದ್ಯದ ಕೆಳಗೆ ಇದೆ. ಚಿಹ್ನೆ ಇಲ್ಲ, ಒಂದು ಸಣ್ಣ ಗೀಟು ಮಾತ್ರ. ಆರು ವರ್ಷ ಅಮ್ಮಾ. ನಿಮಗೆ ಇನ್ನೂ ಒಂದೇ ವರ್ಷ ಆಗಿರುವುದು.

ಈಗ ಸದ್ಯಕ್ಕೆ ಓದಲು ಏನಾದರೂ ಬೇಕು ಅಂದರೆ ಡಿವಿಜಿಯವರದೇ ‘ಜ್ಞಾಪಕ ಚಿತ್ರಶಾಲೆ’ ತಗೊಳ್ಳಿ. ಗದ್ಯ. ತಾವು ಕಂಡ ದೊಡ್ಡವರು, ಸಾಮಾನ್ಯರು, ಸಂಗೀತಗಾರರು, ಊರಿನ ಜನ, ಎಲ್ಲರ ನೆನಪು. ಸತ್ತವರನ್ನು ಇಷ್ಟು ಪ್ರೀತಿಯಿಂದ ನೆನೆಸಿಕೊಳ್ಳಬಹುದು ಅಂತ ನನಗೆ ಗೊತ್ತಾದದ್ದು ಅದರಿಂದ.

ಪ್ರಶ್ನೆ: ಮೇಡಂ, ನಾನು ರಾಯಚೂರು ಜಿಲ್ಲೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಬೆಂಗಳೂರಲ್ಲಿ ಹಾಸ್ಟೆಲ್. ನನ್ನ ಮಾತು ಕೇಳಿ ಕ್ಲಾಸಲ್ಲಿ ನಗುತ್ತಾರೆ. ಮಾತಾಡುವುದನ್ನೇ ಬಿಟ್ಟಿದ್ದೇನೆ. ಧೈರ್ಯ ಕೊಡುವ ಪುಸ್ತಕ ಹೇಳಿ.

ತಂಗಿ, ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲನೆಯದು, ನಿನ್ನ ಮಾತಿನಲ್ಲೇ ಇರುವ ಪುಸ್ತಕ. ಗೀತಾ ನಾಗಭೂಷಣ ಅವರ ‘ಬದುಕು’. ಕಲಬುರಗಿ ಕಡೆಯವರು, ಬಡತನದಲ್ಲಿ ಓದಿ, ಕೆಲಸ ಮಾಡುತ್ತಾ ಮುಂದೆ ಓದಿ ಮೇಲೆ ಬಂದವರು. ಆ ಕಾದಂಬರಿಯ ಜನ ನಿಮ್ಮ ಸೀಮೆಯ ಜನ, ಅವರ ಬೈಗುಳ, ಅವರ ಅಳು, ಅವರ ಮಾತು. ಅದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. ಆಮೇಲೆ 2010ರಲ್ಲಿ ಗದಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಿನ್ನ ಕ್ಲಾಸಲ್ಲಿ ನಗುತ್ತಾರಲ್ಲ, ಆ ಮಾತಿನ ಪುಸ್ತಕವನ್ನು ಇಡೀ ದೇಶ ಕರೆದು ಗೌರವಿಸಿದೆ.

ಎರಡನೆಯದು, ಸಿದ್ಧಲಿಂಗಯ್ಯನವರ ಆತ್ಮಕತೆ ‘ಊರುಕೇರಿ’. ಮಾಗಡಿ ಕಡೆಯ ಮಂಚನಬೆಲೆಯವರು. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಎಳೆಯುತ್ತಿದ್ದಾರೆ. ನೋಡುತ್ತಿರುವ ಹುಡುಗನ ಅಪ್ಪ ಅವರಲ್ಲಿ ಒಬ್ಬರು. ಇಷ್ಟು ಓದಿ ನಾನು ಪುಸ್ತಕ ಮುಚ್ಚಿ ಎದ್ದು ಹೋಗಿದ್ದೆ, ಸ್ವಲ್ಪ ಹೊತ್ತು ಓದಲು ಆಗಲಿಲ್ಲ. ಆದರೆ ಮುಂದೆ ಓದುತ್ತಾ ಹೋದಂತೆ ಆ ಪುಸ್ತಕ ನಗಿಸುತ್ತದೆ. ಹಾಸ್ಟೆಲಿನ ಹಸಿವು, ಭಾಷಣದ ಹುಚ್ಚು, ಸ್ಮಶಾನದಲ್ಲಿ ಹೋಗಿ ಕೂರುವ ಅಭ್ಯಾಸ, ಎಲ್ಲ ಹೇಳುತ್ತಾರೆ. ಯಾರ ಮೇಲೂ ಹಲ್ಲು ಕಡಿಯುವುದಿಲ್ಲ. ಅನುಭವಿಸಿದ ಅನ್ಯಾಯವನ್ನು ಒಂದಿಷ್ಟೂ ಚಿಕ್ಕದು ಮಾಡದೆ, ಅದು ತಮ್ಮನ್ನು ಚಿಕ್ಕದು ಮಾಡದ ಹಾಗೆ ಹೇಳುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಯೋಚಿಸು. ಅವರು ಮುಂದೆ ಪ್ರೊಫೆಸರಾದರು, ವಿಧಾನ ಪರಿಷತ್ತಿಗೂ ಹೋದರು. ಅವರ ಹಾಡುಗಳನ್ನು ಊರೂರಲ್ಲಿ ಮೆರವಣಿಗೆಯಲ್ಲಿ ಹಾಡಿದರು.

ವಿಜಯಪುರ ಜಿಲ್ಲೆಯ ಕಡೆಯ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕೂಡ ನಿನ್ನ ಕಾಲೇಜು ಲೈಬ್ರರಿಯಲ್ಲಿ ಇರಬೇಕು. ಇಲ್ಲದಿದ್ದರೆ ತರಿಸಿ ಅಂತ ಬರೆದು ಕೊಡು. ವಿದ್ಯಾರ್ಥಿಗಳು ಕೇಳಿದ ಪುಸ್ತಕ ತರಿಸಲು ಲೈಬ್ರರಿಯವರಿಗೆ ಖುಷಿಯೇ ಆಗುತ್ತದೆ, ನಾನು ಅದೇ ಕುರ್ಚಿಯಲ್ಲಿ ಕೂತಿದ್ದವಳು.

ಮುಂದಿನ ವಾರ ಕ್ಲಾಸಲ್ಲಿ ಒಂದು ಪ್ರಶ್ನೆ ಕೇಳು. ನಿನ್ನ ಮಾತಲ್ಲೇ ಕೇಳು. ಒಂದೇ ಸಾಕು.

ಪ್ರಶ್ನೆ: ಮೊದಲ ಸಂಬಳ ಬಂದಿದೆ. ಅಮ್ಮನಿಗೆ ಸೀರೆ ತಗೊಂಡೆ, ಜೊತೆಗೆ ಒಂದು ಪುಸ್ತಕ ಕೊಡಬೇಕು. ಅಮ್ಮ ಓದಿದ್ದು ಏಳನೇ ಕ್ಲಾಸು. ಮದುವೆಯಾದ ಮೇಲೆ ಪುಸ್ತಕ ಹಿಡಿದದ್ದೇ ಇಲ್ಲ. ‘ನನಗ್ಯಾಕೋ ಅದೆಲ್ಲ’ ಅನ್ನುತ್ತಾರೆ. – ಹಾಸನ

ಎಷ್ಟು ಒಳ್ಳೆಯ ಪ್ರಶ್ನೆ. ಎಂ.ಕೆ. ಇಂದಿರಾ ಅವರ ಯಾವುದಾದರೂ ಕಾದಂಬರಿ ಕೊಡಿ. ಅವರೂ ಶಾಲೆಗೆ ಹೋದದ್ದು ಏಳೇ ವರ್ಷ. ಚಿಕ್ಕ ವಯಸ್ಸಲ್ಲೇ ಮದುವೆ. ಬರೆಯಲು ಶುರು ಮಾಡಿದ್ದು ನಲವತ್ತೈದರ ಹೊತ್ತಿಗೆ, ಮನೆ, ಮಕ್ಕಳು ಎಲ್ಲ ಆದ ಮೇಲೆ. 1963ರಲ್ಲಿ ‘ತುಂಗಭದ್ರ’ ಬಂತು. ಮಲೆನಾಡಿನ ಮನೆಯ ಒಳಗಿನ ಮಾತು, ಅಡುಗೆಮನೆ, ಹಿತ್ತಿಲು, ಹೆಂಗಸರು ಹೆಂಗಸರ ಹತ್ತಿರ ಮಾತ್ರ ಹೇಳಿಕೊಳ್ಳುವ ಸಂಗತಿಗಳು, ಇವೆಲ್ಲ ಅವರಿಗೆ ಸಲೀಸು. ನಿಮ್ಮ ಅಮ್ಮನಿಗೆ ಪುಸ್ತಕ ಓದುತ್ತಿದ್ದೇನೆ ಅನಿಸುವುದಿಲ್ಲ, ಪಕ್ಕದ ಮನೆಯವರು ಬಂದು ಕೂತು ಮಾತಾಡಿದ ಹಾಗೆ ಇರುತ್ತದೆ.

ಅವರ ‘ಫಣಿಯಮ್ಮ’ 1976ರದ್ದು, ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಕತೆ. ಏನೂ ತಿಳಿಯದ ವಯಸ್ಸಲ್ಲಿ ಮದುವೆ, ತಿಳಿಯುವ ಮೊದಲೇ ವೈಧವ್ಯ. ಎಲ್ಲ ಕಿತ್ತುಕೊಂಡರೂ ಆಕೆ ಕಹಿಯಾಗುವುದಿಲ್ಲ. ಮಡಿಯನ್ನು ಬದಿಗಿಟ್ಟು ಬೇರೆ ಜಾತಿಯ ಹೆಣ್ಣಿನ ಹೆರಿಗೆಗೆ ನಿಲ್ಲುತ್ತಾಳೆ. ಇನ್ನೊಬ್ಬ ಎಳೆ ವಿಧವೆಯ ತಲೆ ಬೋಳಿಸಲು ಹೊರಟಾಗ ಆ ಹುಡುಗಿಯ ಪರ ಮಾತಾಡುತ್ತಾಳೆ. ಶಾಲೆಗೆ ಹೋಗದ, ಯಾವ ಚಳವಳಿಯನ್ನೂ ನೋಡದ ಹೆಂಗಸಿಗೆ ಅಷ್ಟು ತಿಳಿವು ಎಲ್ಲಿಂದ ಬಂತು ಅಂತ ಪ್ರತಿ ಸಲ ಓದುವಾಗಲೂ ಬೆರಗಾಗುತ್ತದೆ. ಮೊದಲಿಗೆ ‘ತುಂಗಭದ್ರ’ ಕೊಡಿ, ಹಿಡಿಸಿದರೆ ಮುಂದಿನ ತಿಂಗಳು ‘ಫಣಿಯಮ್ಮ’.

ಕೊಡುವ ಮೊದಲು ಒಳಗೆ ಅಕ್ಷರದ ಗಾತ್ರ ನೋಡಿ. ಸಣ್ಣ ಅಕ್ಷರವಾದರೆ ಅವರು ಎರಡೇ ಪುಟಕ್ಕೆ ಕಣ್ಣು ನೋವು ಅಂತ ಇಟ್ಟುಬಿಡುತ್ತಾರೆ. ಕನ್ನಡಕದ ನಂಬರ್ ತೋರಿಸಿ ಎಷ್ಟು ವರ್ಷ ಆಯಿತು ಅಂತ ಕೇಳಿ, ಬಹಳ ಸಲ ‘ನನಗ್ಯಾಕೋ’ ಅನ್ನುವುದರ ಹಿಂದೆ ಇರುವುದು ಹಳೆಯ ಕನ್ನಡಕ. ಮೊದಲ ಹಾಳೆಯಲ್ಲಿ ನಿಮ್ಮ ಕೈಯಾರೆ ಅವರ ಹೆಸರು ಬರೆಯಿರಿ. ಇಂಥವರ ಅಮ್ಮ ಅಂತಲ್ಲ, ಅವರ ಹೆಸರು. ಮಧ್ಯಾಹ್ನ ಊಟ ಆದ ಮೇಲೆ ಅವರು ಓದುತ್ತಾ ಕೂತಿದ್ದಾಗ ಯಾರೂ ಕಾಫಿ ಕೇಳದ ಹಾಗೆ ಮನೆಯಲ್ಲಿ ಹೇಳಿಡಿ. ಮುಗಿಸಿದ ಮೇಲೆ ಯಾವ ಜಾಗ ಹಿಡಿಸಿತು ಅಂತ ಕೇಳಿ ನನಗೆ ಬರೆಯಿರಿ, ಆಯ್ತಾ? ಬರೆಯುವುದಾದರೆ ಅವರ ಕೈಲೇ ಬರೆಸಿ.